ಇಟಲಿಯ ಬಾರಿಯಲ್ಲಿ ಎರಡು ದಿನ: ಅಳಿಯನಿಗೆ ಹೇಳಿದ್ದು

ಜರ್ಮನಿಯಲ್ಲಿ ಓದುವ ಅಳಿಯ ಮೊನ್ನೆ ಫೋನ್ ಮಾಡಿದ. "ಮಾವ, ಶನಿವಾರ, ಭಾನುವಾರ ರಜೆ ಉಂಟು. ಇಟಲಿಯ ಬಾರಿಗೆ ಹೋಗಬಹುದಾ?" ಹಡಗಿನ ಕೆಲಸದಲ್ಲಿದ್ದಾಗ ಆ ಬಂದರು ನೋಡಿದವ ನಾನು. ಕುಂಬಳೆಯ ಜಗಲಿಯಲ್ಲಿ ಕೂತೇ ಹೇಳಿದೆ.

ರೂಮು ರೈಲ್ವೆ ಸ್ಟೇಷನ್ ಮತ್ತು ಹಳೇ ಪೇಟೆಯ ನಡುವೆ ಮಾಡು. ಏರ್‌ಪೋರ್ಟಿನಿಂದ ರೈಲುಂಟು, ಟ್ಯಾಕ್ಸಿ ಸುಮ್ನೆ ದಂಡ.

ಶನಿವಾರ ಬೆಳಿಗ್ಗೆಯೇ ಹಳೇ ಪೇಟೆಗೆ ಹೋಗು. ಕೋಟೆಯ ಎದುರಿನ ಓಣಿಯಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಮೇಜು ಹಾಕಿ 'ಒರೆಕಿಯೆತ್ತೆ' ಎಂಬ ಪಾಸ್ತಾ ಮಾಡುತ್ತಾರೆ. ಹಿಟ್ಟಿನ ಸಣ್ಣ ತುಂಡನ್ನು ಚಾಕುವಿನಲ್ಲಿ ಎಳೆದು, ಹೆಬ್ಬೆರಳಲ್ಲಿ ಮಗುಚಿದರೆ ಪುಟ್ಟ ಕಿವಿ! ನಮ್ಮಮ್ಮ ಸೇಮಿಗೆ ಒತ್ತುವಾಗಿನ ಅದೇ ಗಡಿಬಿಡಿ, ಅದೇ ಹರಟೆ. ಫೋಟೋ ಬೇಕಾದರೆ ಕೇಳಿ ತೆಗೆ. ಹತ್ತಿರವೇ ಸಂತ ನಿಕೋಲಾಸರ ಇಗರ್ಜಿ. ಅವರ ಅಸ್ಥಿಯನ್ನು ನಾವಿಕರು 1087ರಲ್ಲಿ ತಂದರಂತೆ. ನೆಲಮಾಳಿಗೆಗೆ ಇಳಿಯದೆ ಬರಬೇಡ.

ಊಟ ಮಾತ್ರ ಹೊತ್ತಿಗೆ ಮುಗಿಸು. ಒಮ್ಮೆ ಮೂರೂವರೆಗೆ ಹಸಿದು ಹೋದರೆ ಎಲ್ಲ ಕಡೆ ಶಟರ್ ಕೆಳಗೆ! ಟೊಮೆಟೊ, ಆಲಿವ್ ಹಾಕಿದ ಬಿಸಿ ಫೊಕಾಚ ರೊಟ್ಟಿ ಕಟ್ಟಿಸಿಕೋ. ಬಂದರಿನ ಹತ್ತಿರ ಆಕ್ಟೋಪಸ್ಸನ್ನು ಕಲ್ಲಿಗೆ ಬಡಿದು ಹಸಿಯಾಗಿಯೇ ತಿನ್ನುತ್ತಾರೆ. ಮೀನು ತಿಂದೇ ಬೆಳೆದ ನನಗೂ ಅದು ಜಾಸ್ತಿಯಾಯಿತು.

ಭಾನುವಾರ ರೈಲಲ್ಲಿ ಪೊಲಿನ್ಯಾನೊಗೆ ಹೋಗು. ಬಂಡೆಯ ತುದಿಯಲ್ಲೇ ಮನೆಗಳು, ಕೆಳಗೆ ನೀಲಿ ಕಡಲು. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮಿಷನ್ನಿನಲ್ಲಿ ಮುದ್ರೆ ಒತ್ತಿಸು. ಇಲ್ಲದಿದ್ದರೆ ದಂಡ ಬೀಳಬಹುದು, ನಿನ್ನಮ್ಮ ನನಗೇ ಬೈಯುತ್ತಾಳೆ.