ಹಬ್ ಮೋಟರ್ ಸೈಕಲ್ಲನ್ನು ಟ್ರೇನರ್‌ಗೆ ಕೂರಿಸಿದ ಬಗೆ

ದಾವಣಗೆರೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಎಂಟು ದಾಟಿದರೆ ಕುಂದುವಾಡ ಕೆರೆಯ ಬದಿಯಲ್ಲೂ ಸೈಕಲ್ ತುಳಿಯುವುದು ಕಷ್ಟ. ಆಷಾಢದಲ್ಲಿ ಚಿತ್ರದುರ್ಗದ ಕಡೆಯಿಂದ ಹಿಂದಿರುಗುವಾಗ ಗಾಳಿ ಮುಂದಕ್ಕೆ ಬಿಡುವುದಿಲ್ಲ. ಆ ತಿಂಗಳುಗಳಲ್ಲಿ ನನ್ನ ಇ-ಮೌಂಟನ್ ಬೈಕ್ ಮನೆಯೊಳಗೆ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸ್ಟ್ಯಾಂಡ್) ಮೇಲೆ ಇರುತ್ತದೆ. ಹಿಂದಿನ ಚಕ್ರದಲ್ಲಿ 250 ವ್ಯಾಟ್ ಹಬ್ ಮೋಟರ್, 36 ವೋಲ್ಟ್ ಬ್ಯಾಟರಿ, 7 ಗೇರ್, 27.5 ಇಂಚಿನ ಚಕ್ರ.

ಟ್ರೇನರ್ ಕೊಳ್ಳುವ ಮೊದಲು ಹಿಂದಿನ ಆಕ್ಸಲ್‌ನ ಎರಡೂ ತುದಿ ನೋಡಿಕೊಳ್ಳಿ. ಚಕ್ರ ಬಿಚ್ಚದೆ ರೋಲರ್‌ಗೆ ಒತ್ತಿ ಕೂರಿಸುವ ಟ್ರೇನರ್‌ಗಳು ಆಕ್ಸಲ್ಲನ್ನು ಎರಡು ಬದಿಯ ಬಟ್ಟಲುಗಳಲ್ಲಿ ಹಿಡಿಯುತ್ತವೆ. ಆ ಬಟ್ಟಲು ಕ್ವಿಕ್ ರಿಲೀಸ್ (ಪಾನಾ ಇಲ್ಲದೆ ಚಕ್ರ ಬಿಚ್ಚುವ ಜೋಡಣೆ) ನಟ್ಟಿಗೆ ಮಾಡಿದ್ದು. ಹಬ್ ಮೋಟರ್‌ನ ಆಕ್ಸಲ್ 12 ಮಿ.ಮೀ., ಅದರ ನಟ್ಟು ದಪ್ಪ, ಬಟ್ಟಲಿನೊಳಗೆ ಪೂರ್ತಿ ಕೂರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಮೋಟರ್‌ನ ಕೇಬಲ್ ಒಂದು ಬದಿಯ ಆಕ್ಸಲ್ ತುದಿಯಿಂದಲೇ ಹೊರಬರುತ್ತದೆ. ಬಟ್ಟಲನ್ನು ಅದರ ಮೇಲೆ ಬಿಗಿದರೆ ಒಳಗಿನ ಸಣ್ಣ ತಂತಿಗಳು ಜಜ್ಜಿ ಒಂದಕ್ಕೊಂದು ತಗುಲುತ್ತವೆ. ಆಮೇಲೆ ಬ್ಯಾಟರಿ ಹಾಕಿದ ಕ್ಷಣ ಮೋಟರ್ ನಿಯಂತ್ರಿಸುವ ಕಂಟ್ರೋಲರ್ ಸುಟ್ಟುಹೋಗಬಹುದು.

ಇದಕ್ಕೆ ಲೇತ್ ಅಂಗಡಿಯಲ್ಲಿ ಎರಡು ಉದ್ದ ನಟ್ಟು ಮಾಡಿಸಿದೆ. ಒಂದು ಕಡೆ ಆಕ್ಸಲ್‌ನ ಮರೆ (ಥ್ರೆಡ್), ಇನ್ನೊಂದು ಕಡೆ ಟ್ರೇನರ್ ಬಟ್ಟಲಿನ ಆಕಾರ. ಕೇಬಲ್ ಇರುವ ಬದಿಯದಕ್ಕೆ ಕೇಬಲ್ ಒತ್ತಿಕೊಳ್ಳದಂತೆ ಪಕ್ಕದಲ್ಲಿ ಅಗಲವಾದ ಸೀಳು ಬಿಡಿಸಿ, ಅಂಚುಗಳನ್ನು ಅರದಿಂದ ಉಜ್ಜಿಸಿದೆ. ಮರೆಯ ಅಳತೆಯನ್ನು ಬಾಯಲ್ಲಿ ಹೇಳಲು ಹೋಗಬೇಡಿ, ಸೈಕಲ್‌ನ ಹಳೆಯ ನಟ್ಟನ್ನೇ ಕೊಂಡೊಯ್ದು ಕೊಡಿ. ಹೊಸ ನಟ್ಟು ಹಾಕುವಾಗ ಆಕ್ಸಲ್ ತಿರುಗದಂತೆ ತಡೆಯುವ ಕೊಕ್ಕೆಯ ವಾಷರ್ ಮೊದಲಿದ್ದ ಜಾಗದಲ್ಲೇ, ಕೊಕ್ಕೆಯು ಫ್ರೇಮಿನಲ್ಲಿ ಆಕ್ಸಲ್ ಕೂರುವ ಡ್ರಾಪ್‌ಔಟ್‌ನ ಸೀಳಿನೊಳಗೆ ಕೂರಬೇಕು. ಅದು ತಪ್ಪಿದರೆ, ಮುಂದೆ ರಸ್ತೆಯಲ್ಲಿ ಮೋಟರ್ ಎಳೆದಾಗ ಆಕ್ಸಲ್ಲೇ ತಿರುಗಿ ಕೇಬಲ್ಲನ್ನು ಸುತ್ತಿ ಹರಿಯುತ್ತದೆ. ಎಡಗಡೆ ಡಿಸ್ಕ್ ಬ್ರೇಕ್‌ನ ಕ್ಯಾಲಿಪರ್ ಟ್ರೇನರ್ ತೋಳಿಗೆ ತಾಗುತ್ತದೆಯೇ ಎಂದೂ ನೋಡಿ. ನನ್ನದರಲ್ಲಿ ನಟ್ಟಿನ ಉದ್ದವೇ ಆ ಅಂತರ ಕೊಟ್ಟಿತು.

ಹಿಂದಿನ ಚಕ್ರ ಬಿಚ್ಚಿ ಚೈನನ್ನು ಟ್ರೇನರ್‌ಗೇ ಹಾಕುವ ಡೈರೆಕ್ಟ್ ಡ್ರೈವ್ ಬಗೆ ಸದ್ದು ಕಡಿಮೆ, ಅಳತೆಯೂ ನಿಖರ. ಆದರೆ ಹಬ್ ಮೋಟರ್ ಸೈಕಲ್‌ನಲ್ಲಿ ಪ್ರತಿ ಸಲ ಕೇಬಲ್ ಜೋಡಣೆ ಬಿಚ್ಚಬೇಕು. ಮೋಟರ್ ಮೇಲಿರುವುದು ಮರೆಯಿಂದ ತಿರುಗಿಸಿ ಕೂರಿಸುವ ಫ್ರೀವೀಲ್ (ಹಿಂದಿನ ಗೇರ್‌ಗಳ ಗುಚ್ಛ) ಆದ್ದರಿಂದ ಟ್ರೇನರ್‌ಗೆ ಬೇರೆ 7 ಗೇರ್ ಕ್ಯಾಸೆಟ್ಟು (ಜಾರಿಸಿ ಕೂರಿಸುವ ಬಗೆಯ ಗೇರ್ ಗುಚ್ಛ), ಅದರ ಹಿಂದೆ ತಕ್ಕ ಅಳತೆಯ ಸ್ಪೇಸರ್ (ಸಂದು ತುಂಬುವ ಬಳೆ) ಬೇಕು. ಮೂರು ತಿಂಗಳು ಬಿಚ್ಚದೆ ಇಡುವವರಿಗೆ ಇದು ಸರಿ. ವಾರಕ್ಕೆರಡು ಸಲ ಹೊರಗೂ ಹೋಗುವವರಿಗೆ ನಾನು ಹೇಳುವುದಿಲ್ಲ.

ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಹತ್ತಿರ ಮೋಟರ್ ಇರುವ ಸೈಕಲ್‌ನ ಕತೆ ಬೇರೆ. ಹಿಂದಿನ ಚಕ್ರ ಸುಲಭವಾಗಿ ಬರುತ್ತದೆ, ಡೈರೆಕ್ಟ್ ಡ್ರೈವ್ ಚೆನ್ನಾಗಿ ಹೊಂದುತ್ತದೆ. ಆಕ್ಸಲ್ ಹೆಚ್ಚಾಗಿ 148 × 12 ಮಿ.ಮೀ. ಅಳತೆಯದು, ಅದಕ್ಕೆ ತಕ್ಕ ಅಡಾಪ್ಟರ್ ಕೇಳಿ ಪಡೆಯಿರಿ. ವೇಗ ಅಳೆಯಲು ಚಕ್ರಕ್ಕೆ ಹಾಕಿದ ಆಯಸ್ಕಾಂತ ಚಕ್ರದ ಜೊತೆ ಹೊರಹೋಗುವುದರಿಂದ ಸಿಸ್ಟಮ್ ಆನ್ ಮಾಡಿ ತುಳಿದರೆ ದೋಷ ತೋರಿಸುತ್ತದೆ. ಬಾಷ್ ಮೋಟರ್‌ನಲ್ಲಿ 503 ಎಂದು ಬಂದರೆ ವೇಗದ ಸೆನ್ಸರ್‌ನ ಸಂಕೇತ ಸಿಗುತ್ತಿಲ್ಲ ಎಂದರ್ಥ, ಮೋಟರ್ ಕೆಟ್ಟಿದೆ ಎಂದಲ್ಲ.

ಎರಡೂ ಬಗೆಗೆ ಒಂದೇ ಮಾತು: ಟ್ರೇನರ್ ಮೇಲೆ ಮೋಟರ್ ಓಡಿಸಬೇಡಿ. ಅಗ್ಗದ ಸೈಕಲ್‌ಗಳ ಪೆಡಲ್ ಸೆನ್ಸರ್ ಕ್ರ್ಯಾಂಕ್ ತಿರುಗುತ್ತಿದೆಯೇ ಎಂದಷ್ಟೇ ನೋಡುತ್ತದೆ, ಕಾಲಿನ ಬಲ ಅಳೆಯುವುದಿಲ್ಲ. ಗಂಟೆಗೆ 25 ಕಿ.ಮೀ. ತನಕ ಮೋಟರ್ ಎಳೆಯುತ್ತದೆ, ಕಾಲು ಸುಮ್ಮನೆ ಸುತ್ತುತ್ತದೆ. ಸ್ಮಾರ್ಟ್ ಟ್ರೇನರ್ ತೋರಿಸುವ ವ್ಯಾಟ್‌ನಲ್ಲಿ ನಿಮ್ಮದೆಷ್ಟು, ಮೋಟರ್‌ದೆಷ್ಟು ಎಂದು ಬೇರೆ ಮಾಡಲಾಗದು. ರಸ್ತೆಯಲ್ಲಿ ಹಬ್ಬನ್ನು ತಂಪಾಗಿಡುವ ಗಾಳಿ ಇಲ್ಲಿಲ್ಲ. ಬಿಸಿ ಏರಿದರೆ ಒಳಗಿನ ನೈಲಾನ್ ಗೇರ್ ಹಲ್ಲು ಮೆತ್ತಗಾಗಿ ಸವೆಯುತ್ತದೆ. ನಾನು ಬ್ಯಾಟರಿಯನ್ನೇ ತೆಗೆದು, ಅರ್ಧ ಚಾರ್ಜಿನಲ್ಲಿ, ಬಿಸಿಲು ಬೀಳದ ಕೋಣೆಯಲ್ಲಿ ಇಡುತ್ತೇನೆ. ಮನೆಯ ಮಕ್ಕಳು ಥ್ರಾಟಲ್ ತಿರುವಿದರೂ ಚಕ್ರ ಅಲುಗುವುದಿಲ್ಲ.

ಬ್ಯಾಟರಿ ಇಲ್ಲದೆ ಮೋಟರ್ ಎಷ್ಟು ತಡೆ ಒಡ್ಡುತ್ತದೆ? ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಮುಂದಕ್ಕೆ ಸಲೀಸಾಗಿ ಸುತ್ತಿ, ಹಿಂದಕ್ಕೆ ಭಾರವಾದರೆ ಒಳಗೆ ಗೇರ್ ಮತ್ತು ಕ್ಲಚ್ ಇದೆ, ಚಿಂತೆಯಿಲ್ಲ. ಎರಡೂ ಕಡೆ ಕಟಕಟ ಎಂದು ಹಿಡಿದು ಹಿಡಿದು ತಿರುಗಿದರೆ ಅದು ಗೇರಿಲ್ಲದ ಮೋಟರ್. ಅದರ ಆಯಸ್ಕಾಂತದ ಎಳೆತ ಟ್ರೇನರ್ ಭಾರದ ಮೇಲೆ ಸೇರುತ್ತದೆ.

ಬಟನ್ ಟೈರ್ (ಉಬ್ಬು ಗಂಟುಗಳಿರುವ ಟೈರ್) ರೋಲರ್ ಮೇಲೆ ಗಿರಣಿಯಂತೆ ಸದ್ದು ಮಾಡುತ್ತದೆ, ಜಾರುತ್ತದೆ, ರಬ್ಬರ್ ಪುಡಿ ಉದುರಿಸುತ್ತದೆ. 27.5 × 1.75 ಸಾದಾ ಟೈರ್ ಹಾಕಿ, ಪಕ್ಕದಲ್ಲಿ ಬರೆದ ಗರಿಷ್ಠ ಮಿತಿಯ ಹತ್ತಿರಕ್ಕೆ ಗಾಳಿ ತುಂಬಿ. ರೋಲರ್ ಟೈರಿಗೆ ತಾಗಿದ ಮೇಲೆ ಎರಡು ಸುತ್ತು ಬಿಗಿದು, ಕೈಯಿಂದ ರೋಲರ್ ಜಗ್ಗಿ ನೋಡಿ. ಟೈರ್ ಬಿಟ್ಟು ರೋಲರ್ ಮಾತ್ರ ತಿರುಗಿದರೆ ಇನ್ನರ್ಧ ಸುತ್ತು. ವಿಪರೀತ ಬಿಗಿದರೆ ಟೈರ್ ಕಾಯುತ್ತದೆ. ಮುಗಿದ ತಕ್ಷಣ ರೋಲರ್ ಸಡಿಲಿಸಿ, ಇಲ್ಲವಾದರೆ ಟೈರ್ ಒಂದೇ ಕಡೆ ಚಪ್ಪಟೆಯಾಗುತ್ತದೆ. ಸೈಕಲ್ಲೇ 20 ಕೆ.ಜಿ. ದಾಟುವುದರಿಂದ ಟ್ರೇನರ್ ತಾಳುವ ಭಾರದ ಲೆಕ್ಕಕ್ಕೆ ಅದನ್ನೂ ಸೇರಿಸಿ. ಮುಂದಿನ ಚಕ್ರದ ಕೆಳಗೆ ಹಲಗೆ ಇಟ್ಟು ಎರಡೂ ಆಕ್ಸಲ್ ಒಂದೇ ಮಟ್ಟಕ್ಕೆ ತಂದು, ಫೋರ್ಕ್ ಲಾಕ್ ಮಾಡಿ.

ಮುಂದೆ 42 ಹಲ್ಲು, ಹಿಂದೆ 14 ಇದ್ದು ನಿಮಿಷಕ್ಕೆ 85 ಸುತ್ತು ತುಳಿದರೆ ಗಂಟೆಗೆ ಸುಮಾರು 32 ಕಿ.ಮೀ.; ಹಿಂದೆ 28 ಹಲ್ಲಿಗೆ ಹಾಕಿದರೆ 16. ದ್ರವದಿಂದ ತಡೆ ಒಡ್ಡುವ ಫ್ಲೂಯಿಡ್ ಟ್ರೇನರ್‌ನಲ್ಲಿ ವೇಗ ಏರಿದಂತೆ ಭಾರ ಏರುವುದರಿಂದ ಈ ಹರವು ಸಾಕು. 10 ನಿಮಿಷ ಹಗುರವಾಗಿ, ನಂತರ 5 ನಿಮಿಷ ಜೋರು, 3 ನಿಮಿಷ ನಿಧಾನ ಎಂದು ನಾಲ್ಕು ಸಲ, ಕೊನೆಗೆ 5 ನಿಮಿಷ ಹಗುರ.

ಫ್ಯಾನ್ ಇಲ್ಲದೆ ಶುರು ಮಾಡಬೇಡಿ. ಸೀಲಿಂಗ್ ಫ್ಯಾನ್ ಸಾಲದು, ಎದೆಗೆ ನೇರ ಹೊಡೆಯುವ ಪೆಡೆಸ್ಟಲ್ ಫ್ಯಾನ್ ಬೇಕು. ಕರೆಂಟ್ ಹೋದರೆ ಅಲ್ಲಿಗೇ ನಿಲ್ಲಿಸಿ. ಉಪ್ಪು, ನಿಂಬೆ ಹಾಕಿದ ನೀರು 750 ಮಿ.ಲೀ. ಕೈಗೆ ಸಿಗುವಂತಿರಲಿ. ಬೆವರು ಹ್ಯಾಂಡಲ್‌ನಿಂದ ಇಳಿದು ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್ ಆದ ಹೆಡ್‌ಸೆಟ್ ಮತ್ತು ಡಿಸ್‌ಪ್ಲೇಯ ವೈರ್ ಜೋಡಣೆಗೆ ಸೇರಿದರೆ ಪಿನ್‌ಗಳು ಹಸಿರುಗಟ್ಟುತ್ತವೆ. ಹ್ಯಾಂಡಲ್ ಮೇಲೆ ದಪ್ಪ ಟವೆಲ್ ಹಾಸಿ, ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ. ಡಿಸ್ಕ್ ಹತ್ತಿರ ಎಣ್ಣೆಯ ಸ್ಪ್ರೇ ಮಾತ್ರ ಬೇಡ.