ಕಾರಂಜಿಯ ನೆತ್ತಿ, ಗುಂಡಿಯ ಕನ್ನಡಿ

ಕಾರಂಜಿಯ ಫೋಟೊ ಕೆಡುವುದು ಹೆಚ್ಚಾಗಿ ಹಿನ್ನೆಲೆಯಿಂದ. ಬಿಳಿ ಆಕಾಶದ ಮುಂದೆ ಬಿಳಿ ನೀರು ನಿಲ್ಲಿಸಿದರೆ ಎಷ್ಟು ದುಬಾರಿ ಲೆನ್ಸ್ ಇದ್ದರೂ ಕಾಣುವುದು ಮಬ್ಬು ಮಾತ್ರ. ಅದಕ್ಕೇ ಬೆಂಗಳೂರಿನ ಲಾಲ್‌ಬಾಗ್ ಇರಲಿ, ಕಬ್ಬನ್ ಪಾರ್ಕ್ ಇರಲಿ, ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು ಮೊದಲು ಕಾರಂಜಿಗೆ ಒಂದು ಸುತ್ತು ಬರುತ್ತೇನೆ. ಬಿಸಿಲು ನೀರಿನ ಹಿಂದಿನಿಂದ ಓರೆಯಾಗಿ ಬರಬೇಕು, ಅದರಾಚೆ ನೆರಳಲ್ಲಿರುವ ದಟ್ಟ ಮರಗಳಿರಬೇಕು. ಆ ಜಾಗ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಬೆಳಗ್ಗೆ 7ರಿಂದ 8.30ರ ಬಿಸಿಲು ಒಳ್ಳೆಯದು. ಹಿನ್ನೆಲೆ ಕಪ್ಪಗಿದ್ದಾಗ ಕ್ಯಾಮೆರಾ ತಾನಾಗಿಯೇ ಬೆಳಕು ಏರಿಸಿ ಹನಿಗಳನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಹಾಗಾಗಿ ಎಕ್ಸ್‌ಪೋಷರ್ ಅನ್ನು ಮೊದಲೇ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಿಟ್ಟುಕೊಳ್ಳಬೇಕು.

ಹನಿಗಳನ್ನು ಗಾಳಿಯಲ್ಲಿ ನಿಲ್ಲಿಸಲು ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) ಎಷ್ಟಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ಒಂದೇ ಚಿಮ್ಮಿನಲ್ಲಿ ನೀರಿಗೆ ಹಲವು ವೇಗ. 3 ಮೀಟರ್ ಎತ್ತರಕ್ಕೆ ಏರುವ ನೀರು ನಳಿಕೆಯ ಬಾಯಿಂದ ಸೆಕೆಂಡಿಗೆ ಸುಮಾರು 7.7 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಟರ್ 1/1000 ಸೆಕೆಂಡ್ ಇಟ್ಟರೂ ಅಷ್ಟರಲ್ಲಿ ಹನಿ ಸುಮಾರು 8 ಮಿಲಿಮೀಟರ್ ಸರಿದಿರುತ್ತದೆ. ಹತ್ತಿರದಿಂದ ತೆಗೆದರೆ ಅದು ಹನಿಯಲ್ಲ, ಗೀರು. ಅಲ್ಲಿ 1/4000 ಬೇಕೇ ಬೇಕು. ಅದೇ ನೀರು ನೆತ್ತಿಗೆ ಬಂದು, ಇನ್ನೇನು ಬೀಳಬೇಕು ಎನ್ನುವ ಗಳಿಗೆಯಲ್ಲಿ ಬಹುತೇಕ ನಿಂತೇ ಬಿಡುತ್ತದೆ. ನೆತ್ತಿಯಿಂದ ಒಂದು ಗೇಣು ಕೆಳಗಿನವರೆಗೆ 1/1000 ಧಾರಾಳ, ತುದಿಗೆ 1/500 ಕೂಡ ಸಾಕು. ಬೆಳಕು ಕಡಿಮೆ ಇದ್ದ ದಿನ ನಾನು ಬುಡದ ಗೋಜಿಗೆ ಹೋಗುವುದೇ ಇಲ್ಲ. 200 ಮಿಲಿಮೀಟರ್ ಲೆನ್ಸ್‌ನಲ್ಲಿ ನೆತ್ತಿಯನ್ನಷ್ಟೇ ಹಿಡಿಯುತ್ತೇನೆ. ಅಲ್ಲಿ ನೀರು ಒಡೆದು ಹಾಳೆಯಾಗಿ, ದಾರವಾಗಿ, ಮಣಿಯಾಗಿ ಚೆದರುತ್ತಿರುತ್ತದೆ. ಎದುರು ಬಿಸಿಲಿಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400, ಎಫ್/5.6 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು), ಶಟರ್ 1/2000 ಎಂದು ಶುರು ಮಾಡಿ ಅಲ್ಲಿಂದ ಹೊಂದಿಸಿಕೊಳ್ಳಬಹುದು. ಆಟೊಫೋಕಸ್ ಹನಿಯಿಂದ ಹನಿಗೆ ಅಲೆದಾಡಿ ಸತಾಯಿಸುತ್ತದೆ. ನಳಿಕೆಯ ಮೇಲೆ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಬದಲಿಸಿ, ಆಮೇಲೆ ಲೆನ್ಸ್ ಮೇಲೆತ್ತಿ. ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು ಫ್ರೇಮ್ ಹೊಡೆದರೆ ಎರಡೋ ಮೂರೋ ಇಟ್ಟುಕೊಳ್ಳುವಂಥವು ಬರುತ್ತವೆ.

ರೇಷ್ಮೆಯಂತೆ ಹರಿಯುವ ನೀರು ಬೇಕೆನ್ನುವವರು ಸಾಮಾನ್ಯವಾಗಿ ಅತಿಗೆ ಹೋಗುತ್ತಾರೆ. ಕಾರಂಜಿಗೆ 1/8ರಿಂದ ಅರ್ಧ ಸೆಕೆಂಡ್ ಸಾಕು. ಎರಡು ಸೆಕೆಂಡ್ ದಾಟಿದರೆ ಎಳೆಗಳೆಲ್ಲ ಕರಗಿ, ಒಲೆಯ ಮೇಲಿನ ಹೊಗೆಯಂತಾಗುತ್ತದೆ. ಮೋಡ ಕವಿದ ಬೆಳಗ್ಗೆ ಐಎಸ್ಒ 100, ಎಫ್/11 ಇಟ್ಟರೆ ಶಟರ್ ಹೆಚ್ಚುಕಡಿಮೆ 1/8ಕ್ಕೆ ಬರುತ್ತದೆ. ಪೋಲರೈಸರ್ (ಹೊಳಪು ತಗ್ಗಿಸುವ, ತಿರುಗಿಸಬಹುದಾದ ಫಿಲ್ಟರ್) ಹಾಕಿದರೆ ಒಂದೂವರೆ ಸ್ಟಾಪ್ ಇಳಿದು 1/3 ಆಗುತ್ತದೆ. ಬೇರೆ ಫಿಲ್ಟರ್ ಬೇಕಿಲ್ಲ. ಆರು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಬೇಕಾಗುವುದು ಬಿಸಿಲು ಏರಿದ ಮೇಲೆ ಅಥವಾ ಸ್ಯಾಂಕಿ ಕೆರೆ, ಹಲಸೂರು ಕೆರೆಯ ಅಲೆಗಳನ್ನು ಪೂರ್ತಿ ಸಪಾಟು ಮಾಡುವಾಗ. ಕೆರೆಯಲ್ಲಿ ಹೆಚ್ಚು ಸಮಯ ಕಳೆಯುವ ಮುಂಚೆ ತೇಲುವ ಜಲಕಳೆ ಇದೆಯೇ ನೋಡಿಕೊಳ್ಳಿ, 30 ಸೆಕೆಂಡಿನಲ್ಲಿ ಅದು ಸರಿದು ಹಸಿರು ಬಳಿದಂತಾಗುತ್ತದೆ. ಹಲಗೆ ಹಾಸಿದ ದಾರಿಯ ಮೇಲೆ ಟ್ರೈಪಾಡ್ ಇಟ್ಟರೆ ವಾಕಿಂಗ್‌ನವರ ಪ್ರತಿ ಹೆಜ್ಜೆಯೂ ಚಿತ್ರದಲ್ಲಿ ನಡುಗುತ್ತದೆ. ಕೆಲವು ಪಾರ್ಕುಗಳಲ್ಲಿ ಟ್ರೈಪಾಡ್ ಕಂಡ ಕೂಡಲೇ ಸಿನಿಮಾ ಶೂಟಿಂಗ್ ಎಂದು ತಡೆಯುತ್ತಾರೆ. ಅರ್ಧ ಕೆಜಿ ರಾಗಿ ತುಂಬಿದ ಬಟ್ಟೆ ಚೀಲವನ್ನು ಕಟ್ಟೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದರೆ ಯಾರೂ ಏನೂ ಕೇಳುವುದಿಲ್ಲ.

ತುಂತುರಿನಲ್ಲಿ ಕಾಮನಬಿಲ್ಲು ಬೇಕಾದರೆ ಉಲ್ಟಾ ನಿಲ್ಲಬೇಕು, ಬಿಸಿಲಿಗೆ ಬೆನ್ನು ಮಾಡಿ. ನಿಮ್ಮ ತಲೆಯ ನೆರಳಿನಿಂದ 42 ಡಿಗ್ರಿ ಆಚೆಗೆ ಬಿಲ್ಲು ಮೂಡುತ್ತದೆ. ನಮ್ಮೂರಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಹತ್ತಿರ ಇರುವುದರಿಂದ ಆಗ ಬಿಲ್ಲು ಕಾಲ ಬುಡಕ್ಕೆ ಇಳಿದುಬಿಡುತ್ತದೆ. ಬೆಳಗ್ಗೆ 9ರ ಒಳಗೆ, ಸಂಜೆ 4ರ ಮೇಲೆ ಪ್ರಯತ್ನಿಸಿ. ಪೋಲರೈಸರ್ ಇದ್ದರೆ ನಿಧಾನವಾಗಿ ತಿರುಗಿಸಿ ನೋಡಿ. ಒಂದು ಕಡೆ ಬಣ್ಣ ಗಾಢವಾಗುತ್ತದೆ, ಕಾಲು ಸುತ್ತು ತಿರುಗಿಸಿದರೆ ಮಾಯವೇ ಆಗುತ್ತದೆ. ಬಿಲ್ಲು ಕಾಣಲಿಲ್ಲ ಎಂದು ವಾಪಸಾಗುವ ಮುಂಚೆ ಫಿಲ್ಟರ್ ತಿರುಗಿಸಿ ನೋಡಬೇಕು.

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಕಾರಂಜಿಗೆ ಕುಡಿಯುವ ನೀರು ಬಳಸಬಾರದೆಂದು ಜಲಮಂಡಳಿ ಆದೇಶ ಮಾಡಿ, ತಪ್ಪಿದರೆ 5,000 ರೂಪಾಯಿ ದಂಡವೆಂದಿತ್ತು. ಬೇಸಿಗೆಯಲ್ಲಿ ಕಾರಂಜಿ ನಂಬಿಕೊಂಡು ಕೂರಬೇಡಿ. ಸಂಸ್ಕರಿಸಿದ ನೀರಿನ ಕಾರಂಜಿಯಾದರೆ ಬುಡದಲ್ಲಿ ನೊರೆ ಕಟ್ಟಬಹುದು, ಅದು ಫ್ರೇಮಿಗೆ ಬರದಂತೆ ನೋಡಿಕೊಳ್ಳಿ.

ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಬಂತೆಂದರೆ ನನಗೆ ಕಾರಂಜಿಗಿಂತ ರಸ್ತೆ ಬದಿಯ ನೀರೇ ಇಷ್ಟ. ಬೆಂಗಳೂರಿನಲ್ಲಿ ಗುಂಡಿಗಳಿಗೇನು ಬರ? ಅರ್ಧ ಬೆರಳು ಆಳ, ಒಂದು ಪೇಪರಿನಗಲ ನೀರಿದ್ದರೂ ವಿಧಾನಸೌಧ ಇಡಿಯಾಗಿ ಹಿಡಿಸುತ್ತದೆ. ಗುಟ್ಟಿರುವುದು ಕೋನದಲ್ಲಿ. ನೇರ ಮೇಲಿನಿಂದ ನೋಡಿದರೆ ನೀರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 2ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಮೇಲ್ಮೈಗೆ 10 ಡಿಗ್ರಿ ಓರೆಯಲ್ಲಿ ನೋಡಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅಂದರೆ ಕ್ಯಾಮೆರಾ ನೆಲಕ್ಕೆ ಹತ್ತಿದಷ್ಟೂ ಕನ್ನಡಿ ಬೆಳಗುತ್ತದೆ. ಮೊಬೈಲ್ ಆದರೆ ತಲೆಕೆಳಗು ಹಿಡಿಯಿರಿ. ಲೆನ್ಸ್ ಕೆಳಗೆ ಬಂದು ನೀರಿನಿಂದ ಒಂದು ಸೆಂಟಿಮೀಟರ್ ಮೇಲಿರುತ್ತದೆ. ಹೊಸ ಡಾಂಬರಿನ ಮೇಲಿನ ನೀರು ಒಳ್ಳೆಯದು, ತಳ ಕಪ್ಪಗಿದ್ದಷ್ಟೂ ಬಿಂಬ ಗಟ್ಟಿ. ಕೆಮ್ಮಣ್ಣು ಕಲಕಿದ ನೀರಿನಲ್ಲಿ ಬಿಂಬ ಪೇಲವ.

ಹೆಚ್ಚಿನವರು ತಪ್ಪುವುದು ಫೋಕಸ್‌ನಲ್ಲಿ. ಮೊಬೈಲ್ ಪರದೆಯಲ್ಲಿ ನೀರಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿದರೆ ತೇಲುವ ಎಲೆ ಸ್ಪಷ್ಟ, ಕಟ್ಟಡ ಮಸುಕು. ಬಿಂಬ ನೀರಿನ ಮೇಲಿಲ್ಲ. ಕಟ್ಟಡ ಎಷ್ಟು ದೂರವೋ ಅದೂ ಅಷ್ಟೇ ದೂರ. ಬಿಂಬದ ಕಟ್ಟಡವನ್ನೇ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಬೇಕು. ಎಲೆಯೂ ಕಟ್ಟಡವೂ ಎರಡೂ ಬೇಕಿದ್ದರೆ ವೈಡ್ ಲೆನ್ಸ್‌ನಲ್ಲಿ ಎಫ್/11. ಬಿಂಬ ನಿಜವಾದ ಕಟ್ಟಡಕ್ಕಿಂತ ಒಂದೂವರೆ ಸ್ಟಾಪ್ ಕಪ್ಪಗಿರುತ್ತದೆ, ಎರಡೂ ಒಂದೇ ಫ್ರೇಮಿನಲ್ಲಿದ್ದರೆ ಮೇಲಿನ ಕಟ್ಟಡಕ್ಕೆ ಎಕ್ಸ್‌ಪೋಷರ್ ಇಟ್ಟು ಕೆಳಗಿನದನ್ನು ಆಮೇಲೆ ಎತ್ತಿಕೊಳ್ಳುತ್ತೇನೆ. ವಿಧಾನಸೌಧಕ್ಕೆ ದೀಪ ಹಾಕುವ ಭಾನುವಾರ ಸಂಜೆ ಮಳೆ ಬಂದು ನಿಂತರೆ, ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ಹೊತ್ತಿಗೆ ಆಕಾಶದ ನೀಲಿಯೂ ದೀಪದ ಬೆಳಕೂ ಸರಿಸಮ ಇರುತ್ತವೆ. ಫುಟ್‌ಪಾತ್ ಮೇಲಿನ ನೀರನ್ನೇ ಆರಿಸಿಕೊಳ್ಳಿ. ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತವನು ಆಟೊದವರಿಗೆ ಕಾಣುವುದಿಲ್ಲ. ಉಂಗುರದಂಥ ಅಲೆ ಬೇಕಾದರೆ ಕಲ್ಲು ಹಾಕಬೇಡಿ, ಬಿಂಬವೆಲ್ಲ ಚೂರಾಗುತ್ತದೆ. ಹುಲ್ಲಿನೆಸಳಿನ ತುದಿ ಒಮ್ಮೆ ಮುಟ್ಟಿಸಿ, ಎರಡು ಎಣಿಸಿ, ಒತ್ತಿ.

ರಾತ್ರಿಯ ಬಣ್ಣದ ಕಾರಂಜಿಗೆ ಲೆಕ್ಕ ಬೇರೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/250 ಇಟ್ಟರೆ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಬೀಳಬಹುದು. 1/50 ಅಥವಾ 1/100 ಸರಿ, ಅಷ್ಟಕ್ಕೆ ನೀರಿನ ಆಕಾರವೂ ಉಳಿಯುತ್ತದೆ. ಎಫ್/2.8, ಐಎಸ್ಒ 1600, ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸುವ ಸೆಟ್ಟಿಂಗ್) 4000 ಕೆಲ್ವಿನ್‌ಗೆ ಕಟ್ಟಿಹಾಕಿ. ಆಟೊ ಬಿಟ್ಟರೆ ಬಣ್ಣ ಬದಲಾದಾಗಲೆಲ್ಲ ಅದೂ ಕುಣಿಯುತ್ತದೆ. ಕೆಂಪು, ನೀಲಿ ದೀಪದಲ್ಲಿ ಒಂದೇ ಬಣ್ಣದ ಚಾನೆಲ್ ತುಂಬಿ ಹರಿದು, ಸಾಮಾನ್ಯ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಮಾತ್ರ ಎಲ್ಲ ಸರಿ ಎನ್ನುತ್ತಿರುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ತೆರೆದಿಟ್ಟುಕೊಂಡು ಒಂದು ಸ್ಟಾಪ್ ಇಳಿಸಿ.

ಕೊನೆಗೆ ಲೆನ್ಸ್. ಬೋರ್‌ವೆಲ್ ನೀರು ಗಡಸು. ಹನಿ ಒಣಗಿದರೆ ಸ್ಟೀಲ್ ಲೋಟದ ಮೇಲಿನಂತೆ ಬಿಳಿ ಕಲೆ ಕೂರುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಆ ಪುಡಿಯೇ ಗಾಜನ್ನು ಗೀರಬಹುದು. ಮೊದಲು ಬ್ಲೋವರ್‌ನಲ್ಲಿ ಗಾಳಿ ಊದಿ, ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೇವ ಮಾಡಿದ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಮೆಲ್ಲಗೆ ಒರೆಸುವುದು. ಫಿಲ್ಟರ್ ಬಿಚ್ಚಿ ಅದರ ತಿರುಪಿನ ಸಂದಿಯ ತೇವವನ್ನೂ ಒರೆಸಿ, ಇಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ಬೂಷ್ಟು ಹಿಡಿದಿರುತ್ತದೆ.