ಮಳೆ ನಕ್ಷತ್ರ ಹಿಡಿದು ವರ್ಷದ ವಿಡಿಯೋ ಪಟ್ಟಿ ಮಾಡುವುದು ಹೇಗೆ?

ಅಡಿಕೆ ತೋಟದವರಿಗಾಗಿ ವಿಡಿಯೋ ಮಾಡುವ ನನ್ನಂಥವರಿಗೆ ಒಂದು ತೊಡಕು ಇದ್ದೇ ಇದೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಕಣ್ಣಿಗೆ ಬೀಳುವುದು ಜುಲೈ, ಆಗಸ್ಟ್‌ನಲ್ಲಿ. ಆದರೆ ಅದರ ಬಗ್ಗೆ ಜನರಿಗೆ ಹೇಳಬೇಕಾದ್ದು ಮೇ ತಿಂಗಳಲ್ಲಿ, ಮೊದಲ ಮದ್ದು ಹೊಡೆಯುವುದಕ್ಕಿಂತ ಮುಂಚೆ. ಕಾಯಿ ಉದುರಿದ ಮೇಲೆ ‘ಹೀಗೆ ತಡೆಯಿರಿ’ ಅಂತ ವಿಡಿಯೋ ಹಾಕಿದರೆ ಯಾರಿಗೆ ಉಪಯೋಗ ಹೇಳಿ?

ಅದಕ್ಕೇ ನನ್ನ ಕ್ಯಾಲೆಂಡರಿನಲ್ಲಿ ಪ್ರತಿ ವಿಷಯಕ್ಕೂ ಎರಡು ದಿನಾಂಕ. ಒಂದು, ರೈತರಿಗೆ ಆ ಮಾಹಿತಿ ಬೇಕಾಗುವ ದಿನ. ಇನ್ನೊಂದು, ತೋಟದಲ್ಲಿ ಆ ದೃಶ್ಯ ಸಿಗುವ ದಿನ. ಎರಡರ ನಡುವೆ ಕೆಲವೊಮ್ಮೆ ಹತ್ತು ತಿಂಗಳ ಅಂತರ. ಈ ವರ್ಷ ತೆಗೆದದ್ದು ಮುಂದಿನ ವರ್ಷದ ವಿಡಿಯೋಗೆ. ಈ ಲೆಕ್ಕ ಕೂತರೆ ಉಳಿದದ್ದು ಸುಲಭ.

ಗೂಗಲ್ ಶೀಟ್ಸ್ ಸಾಕು, ದುಡ್ಡು ಕೊಟ್ಟು ಆ್ಯಪ್ ತಗೊಳ್ಳಬೇಕಾಗಿಲ್ಲ. ಎಡಗಡೆ ತಿಂಗಳುಗಳ ಬದಲು ಮಳೆ ನಕ್ಷತ್ರ, ಅಂದರೆ ಪಂಚಾಂಗದಲ್ಲಿ ಸೂರ್ಯ ಇರುವ ನಕ್ಷತ್ರದ ಹೆಸರು, ಬರೆಯಿರಿ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ... ಒಂದೊಂದೂ 13-14 ದಿನ. ಹದಿನೈದು ದಿನಕ್ಕೊಂದು ವಿಡಿಯೋ ಮಾಡುವವರಿಗೆ ಹೇಳಿ ಮಾಡಿಸಿದ ಅಳತೆ ಇದು. ನೋಡುವವರು ತೋಟದ ಕೆಲಸ ಎಣಿಸುವುದೂ ಹಾಗೇ ಅಲ್ವಾ? ಮಳೆಗಾಲ ಮುಗಿದ ಮೇಲೂ ಪಂಚಾಂಗದಲ್ಲಿ ನಕ್ಷತ್ರ ಮುಂದುವರಿಯುತ್ತದೆ, ವರ್ಷಕ್ಕೆ ಒಟ್ಟು 27 ಸಾಲು. (ನೀವು ಅಡುಗೆ ಚಾನೆಲ್ ನಡೆಸುವವರಾದರೆ ಹಬ್ಬಗಳನ್ನು ಹಿಡಿಯಿರಿ. ಮಾವಿನ ಮಿಡಿ ಸಿಗುವ ಕಾಲವನ್ನು ಮಾತ್ರ ಮರೆಯಬೇಡಿ.)

ಈಗ ಕೊಳೆರೋಗ ತಡೆಯಲು ಹೊಡೆಯುವ ಮದ್ದು, ಬೋರ್ಡೋ ದ್ರಾವಣವನ್ನೇ ತಗೊಳ್ಳಿ. ಮೃಗಶಿರ ಹುಟ್ಟುವುದು ಜೂನ್ 8ರ ಸುಮಾರಿಗೆ. ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲೇ ಮದ್ದು ಹೊಡೆದಿರಬೇಕು, ಅಂದರೆ ರೋಹಿಣಿಯಲ್ಲಿ. ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ತರಬೇಕು, ಮರ ಹತ್ತುವವರಿಗೆ ಹೇಳಿಡಬೇಕು. ಹಾಗಾಗಿ ಕೃತ್ತಿಕೆಯ ಶುರುವಿನಲ್ಲೇ, ಮೇ 11ರ ಆಸುಪಾಸಿನಲ್ಲಿ, ವಿಡಿಯೋ ಹೊರಗೆ ಬಂದಿರಬೇಕು. ಭರಣಿಯಲ್ಲಿ ಮಾತು ಬರೆದು, ಎಡಿಟ್ ಮುಗಿಸಿ, ತೋಟಗಾರಿಕೆ ಬಲ್ಲವರೊಬ್ಬರಿಗೆ ತೋರಿಸಿ ಆಗಿರಬೇಕು. ಬೆರೆಸುವ ಚಿತ್ರೀಕರಣ ಭರಣಿಗೂ ಮೊದಲು ಬರುವ ಅಶ್ವಿನಿಯ ಬಿಸಿಲಿನಲ್ಲೇ ಮುಗಿಯಲಿ. ಬಿಳಿ ಬೂಷ್ಟು ಹಿಡಿದು ಉದುರಿದ ಕಾಯಿಯ ಚಿತ್ರ? ಅದು ಹೋದ ವರ್ಷದ ಪುಷ್ಯ ಮಳೆಯಲ್ಲಿ, ಜುಲೈ ಕೊನೆಗೆ, ತೆಗೆದಿಟ್ಟದ್ದು. ಮೊದಲ ಸಲ ಹೊಡೆದು 40-45 ದಿನಕ್ಕೆ ಎರಡನೇ ಸಲ ಹೊಡೆಯಬೇಕು. ಅದನ್ನು ನೆನಪಿಸುವ ಪುಟ್ಟ ವಿಡಿಯೋ ಆರಿದ್ರದ ಸಾಲಿಗೆ.

ಚಿತ್ರೀಕರಣದ ಕಾಲಂನಲ್ಲಿ ಸುಮ್ನೆ ‘ಬೋರ್ಡೋ ವಿಡಿಯೋ’ ಅಂತ ಬರೆದರೆ ಏನೂ ಬರೆದ ಹಾಗಲ್ಲ. ಏನು ಕಾಣಬೇಕೋ ಅದನ್ನೇ ಬರೆಯಿರಿ. ನನ್ನ ಶೀಟಿನಲ್ಲಿ ಹೀಗಿದೆ: ಪ್ಲಾಸ್ಟಿಕ್ ಡ್ರಮ್. 50 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ. ಇನ್ನೊಂದರಲ್ಲಿ 50 ಲೀಟರಿಗೆ 1 ಕೆ.ಜಿ. ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವುದು, ಕೈ ಬಿಡದೆ ಕಲಕುವುದು. ಉಜ್ಜಿ ತೊಳೆದ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು, ತೀರಾ ಹತ್ತಿರದಿಂದ. ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣ ಹಾಕಿದ ಮೇಲೆ ಕೆಂಪು ಕೂರದ ಅಲಗು, ಅದೂ ಹತ್ತಿರದಿಂದ. ಈ ಎರಡು ದೃಶ್ಯಕ್ಕಾಗಿಯೇ ಜನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಇಷ್ಟು ಬರೆದಿಟ್ಟರೆ ಕ್ಯಾಮೆರಾ ಬೇರೆಯವರ ಕೈಯಲ್ಲಿದ್ದರೂ ಕೆಲಸ ನಿಲ್ಲುವುದಿಲ್ಲ.

ಪುನರ್ವಸುವಿನಿಂದ ಮಘೆಯವರೆಗೆ, ಅಂದರೆ ಜುಲೈ, ಆಗಸ್ಟ್‌ನಲ್ಲಿ, ಹೊಸ ವಿಡಿಯೋದ ಭಾರ ಇಟ್ಟುಕೊಳ್ಳಬೇಡಿ. ನಮ್ಮ ಕಡೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಯಾವ ಕಾಲಕ್ಕೂ ಸಲ್ಲುವ ಎರಡು ಮೂರು ವಿಡಿಯೋಗಳನ್ನು ಬೇಸಿಗೆಯಲ್ಲೇ ಮುಗಿಸಿ, ದಿನಾಂಕ ಕೊಟ್ಟು ಶೆಡ್ಯೂಲ್ ಮಾಡಿಡಿ. ಮಳೆಯಲ್ಲಿ ನಿಮ್ಮ ಕೆಲಸ ಬರೀ ಚಿತ್ರ ತೆಗೆಯುವುದು.

ನಾಲ್ಕು ಸಾಲಿಗೊಂದು ಸಾಲು ಖಾಲಿ ಬಿಡಿ. ಎಲೆಚುಕ್ಕಿ ರೋಗ ಇದ್ದಕ್ಕಿದ್ದಂತೆ ಜಾಸ್ತಿಯಾದರೆ, ಅಡಿಕೆ ಧಾರಣೆ ಕುಸಿದರೆ ಜನ ಅದನ್ನೇ ಕೇಳುತ್ತಾರೆ. ಆಗ ಉತ್ತರ ಕೊಡಲು ಜಾಗ ಬೇಕು.

ಕೊಯ್ಲಿನ ಕಾಲದ ಸಾಲುಗಳನ್ನು ಬೇರೆಯೇ ಥರ ತುಂಬಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಕೊನೆ (ಅಡಿಕೆ ಗೊಂಚಲು) ಕೊಯ್ಯುವ ಕೊನೆಗಾರ ಮರದ ಮೇಲಿರುವಾಗ ಕೆಳಗೆ ಕೊನೆ ಹಿಡಿಯುವವರ ಗಮನ ಕ್ಯಾಮೆರಾ ಕಡೆ ಹೋಗಬಾರದು. ಆ ದಿನ ದೂರ ನಿಂತು ತೆಗೆಯಿರಿ, ಯಾರನ್ನೂ ಮಾತಾಡಿಸಬೇಡಿ. ರಾತ್ರಿ ಮನೆ ಮಂದಿಯೆಲ್ಲ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಕಣ್ಣು, ಕೈ ಎರಡೂ ಕೆಲಸದಲ್ಲಿ, ಕಿವಿ ಮಾತ್ರ ಬಿಡುವು. ಆಗ ಕೇಳಿದರೆ ಸಾಕಾಗುವಂಥದ್ದು ಹಾಕಿ. ಹಿರಿಯ ಬೆಳೆಗಾರರ ಜೊತೆ ಮಾತುಕತೆ, ಬೆಳೆ ವಿಮೆಯ ವಿವರ, ಬೇಯಿಸುವ ಹದದ ಬಗ್ಗೆ ಅನುಭವ. ಪರದೆ ನೋಡಲೇಬೇಕಾದ ವಿಡಿಯೋ ಆ ದಿನಗಳಲ್ಲಿ ಬೇಡ.

ಕೊನೆಯ ಕಾಲಂ ಪ್ರಶ್ನೆಗಳಿಗೆ. ವಿಡಿಯೋ ನೋಡಿ ಜನ ಏನು ಕೇಳಿದರು ಅಂತ ಅವರ ಮಾತಿನಲ್ಲೇ ಬರೆದಿಡಿ. ‘ಮಳೆ ಬಿಡದೇ ಇದ್ದರೆ ಎರಡನೇ ಮದ್ದು ಯಾವಾಗ?’ ಅಂತ ಯಾರಾದರೂ ಕೇಳಿದರೆ ಮುಂದಿನ ವರ್ಷದ ಆರಿದ್ರದ ಸಾಲು ಅಲ್ಲಿಗೇ ತುಂಬಿತು.

ಶುರು ಮಾಡಲು ಯುಗಾದಿ ಕಾಯಬೇಕಾಗಿಲ್ಲ. ಈಗ ಯಾವ ನಕ್ಷತ್ರ ನಡೆಯುತ್ತಿದೆ ನೋಡಿ, ಮುಂದಿನ ಮೂರು ಸಾಲು ಮಾತ್ರ ತುಂಬಿ. ಆಮೇಲೆ ಫೋನ್ ಹಿಡಿದು ತೋಟಕ್ಕೆ ಹೋಗಿ, ಇವತ್ತು ಅಲ್ಲಿ ಕಾಣುವುದನ್ನೆಲ್ಲ ತೆಗೆದು, ನಕ್ಷತ್ರದ ಹೆಸರಿನ ಫೋಲ್ಡರಿಗೆ ಹಾಕಿ.